ಫೋನಿಗೆ ಡ್ಯಾಕ್ ಸಿಕ್ಕಿಸಿದ್ರೆ ಸೌಂಡ್ ನಿಜವಾಗ್ಲೂ ಚೆನ್ನಾಗಾಗತ್ತಾ?

ಹೆಡ್‌ಫೋನ್ ಜ್ಯಾಕ್ ಇರೋ ಫೋನು ಈಗ ಮೊದಲಿನಷ್ಟು ಸಿಗಲ್ಲ. 2016ರಲ್ಲಿ ಐಫೋನ್ 7 ಬಂದಾಗ ಜ್ಯಾಕ್ ಇಲ್ಲ ಅಂತ ಆಡ್ಕೊಂಡು ನಕ್ಕಿದ್ದೇ ನಕ್ಕಿದ್ದು, ಆಮೇಲೆ ಬೇರೆ ಕಂಪನಿಗಳೂ ಒಂದೊಂದಾಗಿ ಅದೇ ದಾರಿ ಹಿಡಿದ್ವು. ವೈರ್ ಇರೋ ಒಳ್ಳೆ ಇಯರ್‌ಫೋನ್ ಇಟ್ಕೊಂಡಿರೋ ನನ್ನಂಥವ್ರಿಗೆ ಉಳಿದಿದ್ದು ಟೈಪ್ ಸಿ ಪೋರ್ಟಿಗೆ ಸಿಕ್ಕಿಸೋ ಬೆರಳುದ್ದದ ಡಾಂಗಲ್ ಡ್ಯಾಕ್, ಅಂದ್ರೆ ಫೋನಿನ ಡಿಜಿಟಲ್ ಹಾಡನ್ನ ಇಯರ್‌ಫೋನಿಗೆ ಬೇಕಾದ ಸಿಗ್ನಲ್ ಮಾಡೋ ಪುಟ್ಟ ಸಾಧನ.

ಫೋನಲ್ಲಿರೋ ಹಾಡು ಅಂದ್ರೆ ಬರೀ ನಂಬರು. ಸಿಡಿ ಕ್ವಾಲಿಟಿ ಅಂದ್ರೆ ಒಂದು ಸೆಕೆಂಡಿಗೆ ಒಂದೊಂದು ಚಾನಲ್ಲಿಗೂ 44,100 ನಂಬರು, ಒಂದೊಂದೂ 16 ಬಿಟ್. ಇದನ್ನ ಏರಿಳಿಯೋ ವೋಲ್ಟೇಜ್ ಮಾಡೋದು ಡ್ಯಾಕ್ ಕೆಲಸ, ಆ ವೋಲ್ಟೇಜಿಗೆ ಇಯರ್‌ಫೋನ್ ಓಡಿಸೋ ಶಕ್ತಿ ಕೊಡೋದು ಆಂಪ್, ಡಾಂಗಲ್ ಒಳಗೆ ಎರಡೂ ಇರತ್ತೆ. ಇಎಸ್‌ಎಸ್ ಚಿಪ್ಪಾ, ಸಿರಸ್ ಲಾಜಿಕ್ಕಾ, ಎಕೆಎಮ್ಮಾ ಅಂತ ಚಿಪ್ ಕಂಪನಿಗಳ ಹೆಸರು ಹಿಡ್ಕೊಂಡು ಜನ ಗಂಟೆಗಟ್ಲೆ ಜಗಳ ಆಡ್ತಾರೆ, ನನ್ನ ಕೇಳಿದ್ರೆ ಚಿಪ್ ಹೆಸರಿಗಿಂತ ಆಂಪ್ ಭಾಗ ಹೆಂಗಿದೆ ಅನ್ನೋದೇ ಕಿವಿಗೆ ಬೇಗ ಗೊತ್ತಾಗೋದು. 300 ಓಮ್‌ನ (ಓಮ್ ಅಂದ್ರೆ ಕರೆಂಟಿಗೆ ಒಡ್ಡೋ ತಡೆಯ ಅಳತೆ) ದೊಡ್ಡ ಹೆಡ್‌ಫೋನಿಗೆ ವೋಲ್ಟೇಜ್ ಸಾಲ್ದೇ ಹೋದ್ರೆ ವಾಲ್ಯೂಮ್ ಫುಲ್ ಇಟ್ರೂ ಹಾಡು ಪಕ್ಕದ ರೂಮಿಂದ ಬಂದಂಗಿರತ್ತೆ. ಸಣ್ಣ ಇಯರ್‌ಫೋನಿನ ಕಥೆ ಉಲ್ಟಾ, ಅದಕ್ಕೆ ಶಕ್ತಿ ಬೇಕಿಲ್ಲ, ನಿಶ್ಶಬ್ದ ಬೇಕು. ಕೊಳಲಿನ ರೆಕಾರ್ಡಿಂಗ್ ಒಂದು ಹಾಕಿ, ಮೊದಲ ಸ್ವರಕ್ಕೆ ಮುಂಚೆ ಉಸಿರು ಎಳ್ಕೊಳ್ಳೋ ಸದ್ದು ಇರತ್ತಲ್ಲ, ಅಲ್ಲಿ ಗಮನ ಕೊಡಿ. ಕೆಟ್ಟ ಔಟ್‌ಪುಟ್ಟಲ್ಲಿ ಆ ಉಸಿರೂ ಹಿಂದಿನ ಸುಯ್ಯ್ ಅನ್ನೋ ಸದ್ದೂ ಕಲಸಿ ಒಂದೇ ಆಗಿರತ್ತೆ, ಒಳ್ಳೆ ಡಾಂಗಲ್ಲಲ್ಲಿ ಉಸಿರು ಬೇರೆಯಾಗಿ ಕೇಳತ್ತೆ.

ಯಾರೂ ನೋಡದೇ ಇರೋ ಇನ್ನೊಂದು ನಂಬರ್ ಅಂದ್ರೆ ಔಟ್‌ಪುಟ್ ಇಂಪೀಡೆನ್ಸ್, ಅಂದ್ರೆ ಡಾಂಗಲ್ ತನ್ನ ಕಡೆಯಿಂದ ಒಡ್ಡೋ ತಡೆ. ಇಯರ್‌ಫೋನಿನ ಇಂಪೀಡೆನ್ಸಲ್ಲಿ ಎಂಟನೇ ಒಂದು ಭಾಗಕ್ಕಿಂತ ಜಾಸ್ತಿ ಇರ್ಬಾರ್ದು ಅಂತ ಒಂದು ಲೆಕ್ಕ ಇದೆ, ಅಂದ್ರೆ 16 ಓಮ್ ಇಯರ್‌ಫೋನಿಗೆ 2 ಓಮ್ ಒಳಗೆ. ಅದು ಜಾಸ್ತಿ ಆದ್ರೆ, ಅದ್ರಲ್ಲೂ ಒಳಗೆ ನಾಲ್ಕೈದು ಡ್ರೈವರ್ (ಪುಟ್ಟ ಸ್ಪೀಕರ್) ಇರೋ ಇಯರ್‌ಫೋನಲ್ಲಿ, ಬೇಸ್ ಟ್ರೆಬಲ್ ಎಲ್ಲಾ ಅಲ್ಲಲ್ಲೇ ಏರುಪೇರಾಗತ್ತೆ, ಕೇಳೋರು ಅದನ್ನೇ ಇಯರ್‌ಫೋನ್ ಸರಿ ಇಲ್ಲ ಅಂತ ಬೈತಾರೆ ಪಾಪ.

ಈಗ ಆಂಡ್ರಾಯ್ಡ್ ವಿಷಯ. ಸಾಮಾನ್ಯವಾಗಿ ಅದು ಹಾಡು, ನೋಟಿಫಿಕೇಷನ್ ಎಲ್ಲಾ ಕಲಸಿ ಒಂದೇ ಸ್ಯಾಂಪಲ್ ರೇಟಿಗೆ (ಸೆಕೆಂಡಿಗೆ ಎಷ್ಟು ನಂಬರು ಅನ್ನೋ ಲೆಕ್ಕ), ಹೆಚ್ಚಾಗಿ 48 ಕಿಲೋಹರ್ಟ್ಜಿಗೆ ಅಂದ್ರೆ 48,000ಕ್ಕೆ, ಬದಲಾಯಿಸಿ ಆಚೆ ಕಳಿಸತ್ತೆ. ಇದನ್ನ ತಪ್ಪಿಸ್ಬೇಕು ಅಂದ್ರೆ ಯುಎಸ್‌ಬಿ ಆಡಿಯೋ ಪ್ಲೇಯರ್ ಪ್ರೋ ಥರದ, ತಮ್ಮದೇ ಯುಎಸ್‌ಬಿ ಡ್ರೈವರ್ ಸಾಫ್ಟ್‌ವೇರ್ ಇರೋ ಆ್ಯಪ್ ಬಳಸ್ಬೇಕು, ಆಂಡ್ರಾಯ್ಡ್ 14ರಿಂದ ಇದಕ್ಕೆ ಸಿಸ್ಟಮ್ಮಲ್ಲೇ ದಾರಿ ಮಾಡಿದಾರೆ ಆದ್ರೆ ಫೋನೂ ಆ್ಯಪೂ ಎರಡೂ ಸಪೋರ್ಟ್ ಮಾಡ್ಬೇಕು. ಕೇಳೋಕೆ ವ್ಯತ್ಯಾಸ ಎಷ್ಟಿದೆ ಅಂದ್ರೆ, ನನ್ನ ಕಿವಿಗೆ ಇಲ್ಲ ಅನ್ನೋವಷ್ಟು ಕಮ್ಮಿ. 192 ಕಿಲೋಹರ್ಟ್ಜ್ ಅಂತ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಹಾಕಿರೋದಕ್ಕೂ ಮರುಳಾಗ್ಬೇಡಿ, ಮನುಷ್ಯನ ಕಿವಿ 20 ಕಿಲೋಹರ್ಟ್ಜ್ ದಾಟಲ್ಲ, ಸ್ಯಾಂಪಲ್ ರೇಟ್ ಅದರ ಎರಡರಷ್ಟಕ್ಕಿಂತ ಚೂರು ಜಾಸ್ತಿ ಇದ್ರಾಯ್ತು, ಅಷ್ಟಕ್ಕೆ 44.1 ಸಾಕು.

ಡಾಂಗಲ್ ಹಾಕಿದ ತಕ್ಷಣ ವಾವ್ ಅನ್ಸತ್ತಲ್ಲ, ಅದ್ರಲ್ಲಿ ಎಷ್ಟೋ ಸಲ ಅರ್ಧಕ್ಕರ್ಧ ವಾಲ್ಯೂಮ್ ಮಹಿಮೆ. ಎರಡು ಸೌಂಡ್ ಹೋಲಿಸುವಾಗ ಚೂರೇ ಚೂರು ಜೋರಾಗಿರೋದು ಚೆನ್ನಾಗಿದೆ ಅಂತ್ಲೇ ನಮಗೆ ಅನ್ಸೋದು. ಅದಕ್ಕೇ ಹಳೇದು ಹೊಸದು ಎರಡರ ವಾಲ್ಯೂಮೂ ಆದಷ್ಟು ಸಮ ಮಾಡಿ, ಯಾವುದು ಹಾಕಿದೆ ಅಂತ ನಿಮಗೆ ಕಾಣದ ಹಾಗೆ ಇನ್ನೊಬ್ಬರ ಕೈಲಿ ಬದಲಾಯಿಸಿ ಕೇಳಿ, ಆಗ್ಲೂ ಹೊಸದನ್ನೇ ಆರಿಸಿದ್ರೆ ಖುಷಿಯಾಗಿ ಇಟ್ಕೊಳ್ಳಿ.

ಬ್ಲೂಟೂತಲ್ಲೇ ಕೇಳೋರಿಗೆ ಇದು ಬೇಡವೇ ಬೇಡ, ಅಲ್ಲಿ ಡ್ಯಾಕ್ ಇರೋದು ಇಯರ್‌ಬಡ್ ಒಳಗೆ. ವೈರ್‌ಲೆಸ್ಸಲ್ಲಿ ದೊಡ್ಡ ಹೆಸರಿರೋ ಎಲ್‌ಡ್ಯಾಕ್ (ಬ್ಲೂಟೂತಲ್ಲಿ ಹಾಡು ಕಳಿಸೋ ಒಂದು ವಿಧಾನ, ಡ್ಯಾಕ್ ಅಲ್ಲ) ಕೂಡ ಹೆಚ್ಚಂದ್ರೆ ಸೆಕೆಂಡಿಗೆ 990 ಕಿಲೋಬಿಟ್, ಸಿಡಿ ಲೆಕ್ಕ 1411. ವೈರಿನವ್ರೂ ಅಷ್ಟೇ, ಮೊದಲು ಸ್ಟ್ರೀಮಿಂಗ್ ಆ್ಯಪಿನ ಸೆಟ್ಟಿಂಗಲ್ಲಿ ಕ್ವಾಲಿಟಿ ಲೋ ಅಂತ ಇದ್ಯಾ ನೋಡ್ಕೊಳ್ಳಿ, ಆಮೇಲೆ ಇಯರ್‌ಫೋನ್, ಡಾಂಗಲ್ ಸರದಿ ಕೊನೇಲಿ.

ತಗೊಳೋರು ಇಷ್ಟು ನೋಡಿ: ಕೆಲವು ಅಡಾಪ್ಟರ್ ಒಳಗೆ ಡ್ಯಾಕೇ ಇರಲ್ಲ, ಬರೀ ವೈರು, ತುಂಬಾ ಫೋನಲ್ಲಿ ಅದು ಕೆಲಸಾನೇ ಮಾಡಲ್ಲ. ಕೆಲವು ಫೋನಲ್ಲಿ ಸೆಟ್ಟಿಂಗಲ್ಲಿ ಓಟಿಜಿ (ಪೋರ್ಟಿಗೆ ಬೇರೆ ಸಾಧನ ಸಿಕ್ಕಿಸೋ ಸೌಲಭ್ಯ) ಆನ್ ಮಾಡದೇ ಇದ್ರೆ ಡಾಂಗಲ್ ಇದೆ ಅಂತ್ಲೇ ಗೊತ್ತಾಗಲ್ಲ. ಮೊಬೈಲ್ ಡೇಟಾ ಓಡ್ತಿರುವಾಗ ಕಿರಕಿರ ಸದ್ದು ಬಂದ್ರೆ ಏರೋಪ್ಲೇನ್ ಮೋಡಿಗೆ ಹಾಕಿ, ನಿಂತೋದ್ರೆ ಡಾಂಗಲ್ಲಿನ ಶೀಲ್ಡಿಂಗ್ (ಫೋನಿನ ರೇಡಿಯೋ ಸಿಗ್ನಲ್ ತಡೆಯೋ ಕವಚ) ಸರಿ ಇಲ್ಲ ಅಂತ ಅರ್ಥ, ವಾಪಸ್ ಕೊಟ್ಬಿಡಿ. ಇನ್ನೊಂದು, ಮೊದಲ ಸಲ ಸಿಕ್ಕಿಸುವಾಗ ಇಯರ್‌ಫೋನ್ ಕಿವಿಲಿ ಇಟ್ಕೊಂಡಿರ್ಬೇಡಿ, ಕೆಲವು ಆ್ಯಪು ವಾಲ್ಯೂಮ್ ಫುಲ್ ಇಟ್ಟೇ ಶುರು ಮಾಡತ್ವೆ.