ರೇಸಿಲ್ಲದ ಭಾನುವಾರ, ಕೈಯಲ್ಲಿ ರಿಮೋಟು

ಕುದುರೆ ಓಡುವುದು ಒಂದೂವರೆ ನಿಮಿಷ, ಹೆಚ್ಚೆಂದರೆ ಮೂರು. ಮುಂದಿನ ರೇಸಿಗೆ ಅರ್ಧ ಗಂಟೆ ಬಿಡುವು. ರೇಸ್ ಕೋರ್ಸಿನ ರುಚಿ ಹತ್ತಿದವರಿಗೆ ಆ ಅರ್ಧ ಗಂಟೆಯೇ ಅಸಲಿ ರೇಸು. ರೇಸಿಗೆ ಮುಂಚೆ ಕುದುರೆಗಳನ್ನು ಸುತ್ತಿಸುವ ಪ್ಯಾಡಕ್ಕಿನಲ್ಲಿ ಕುದುರೆ ಬೆವರಿದೆಯಾ ನೋಡಬೇಕು, ಬೋರ್ಡಿನಲ್ಲಿ ಆಡ್ಸ್ (ಗೆದ್ದರೆ ಎಷ್ಟಕ್ಕೆ ಎಷ್ಟು ಎಂಬ ದರ) ಇಳಿಯಿತಾ ನೋಡಬೇಕು, ಟಿಕೆಟ್ ಕಿಟಕಿ ಮುಚ್ಚುವುದರೊಳಗೆ ಮನಸ್ಸು ಗಟ್ಟಿ ಮಾಡಬೇಕು. ಸಿನಿಮಾದವರಿಗೆ ಬೇಕಾಗುವುದು ಮಾತ್ರ ಆ ಎರಡು ನಿಮಿಷ. ಹಾಗಾಗಿ ಕುದುರೆ ಸಿನಿಮಾಗಳು ಬೇಕಾದಷ್ಟಿವೆ. ಟಿಕೆಟ್ಟಿನ ಗುಟ್ಟು ತಿಳಿದ ಸಿನಿಮಾಗಳನ್ನು ಹುಡುಕಬೇಕು.

ಬೆಂಗಳೂರಿನಲ್ಲಿ ಒಂದು ಸೀಸನ್ ಮುಗಿದು ಇನ್ನೊಂದು ಶುರುವಾಗುವ ಮುಂಚೆ ಸಿಗುವ ಖಾಲಿ ಭಾನುವಾರವೊಂದನ್ನು ಈ ಹುಡುಕಾಟಕ್ಕೇ ಎತ್ತಿಟ್ಟಿದ್ದಾಯಿತು. ಪೂರ್ತಿ ನೋಡಿದ್ದು ನಾಲ್ಕು: ‘ದಿ ಸ್ಟಿಂಗ್’, ‘ದಿ ಕಿಲ್ಲಿಂಗ್’, ‘ಸೀಬಿಸ್ಕಿಟ್’, ‘ಸೆಕ್ರೆಟೇರಿಯಟ್’. ಎಲ್ಲ ಸೇರಿ ಹೆಚ್ಚುಕಮ್ಮಿ ಎಂಟು ಗಂಟೆ. ಇನ್ನೆರಡರಲ್ಲಿ ಬೇಕಾದ ತುಣುಕು ಮಾತ್ರ. ಕರಾರು ಒಂದೇ: ಟಿಕೆಟ್, ಬೋರ್ಡ್, ಕಿಟಕಿ ಕಂಡಲ್ಲೆಲ್ಲ ಸಿನಿಮಾ ನಿಲ್ಲಿಸಿ ಲೆಕ್ಕ ಹಾಕಬೇಕು.

ಬೋಣಿ ಆಗಿದ್ದು ತುಣುಕಿನಿಂದಲೇ. 1937ರ ‘ಎ ಡೇ ಅಟ್ ದ ರೇಸಸ್’ನಲ್ಲಿ ಮಾರ್ಕ್ಸ್ ಸಹೋದರರ ಐಸ್‌ಕ್ರೀಂ ಗಾಡಿಯ ದೃಶ್ಯ. ಗ್ರೌಚೊ ‘ಸನ್ ಅಪ್’ ಎಂಬ ಕುದುರೆಗೆ ಹಾಕಲು ಹೊರಟವನು. ಚಿಕೊ ಅವನನ್ನು ತಡೆದು ಟಿಪ್ ಮಾರುತ್ತಾನೆ. ಟಿಪ್ ಇರುವುದು ಸಂಕೇತದಲ್ಲಿ. ಅದನ್ನು ಬಿಡಿಸಲು ಒಂದು ಪುಸ್ತಕ, ಆ ಪುಸ್ತಕ ಅರ್ಥವಾಗಲು ಇನ್ನೊಂದು, ಅದಕ್ಕೆ ಮತ್ತೊಂದು. ಗ್ರೌಚೊ ಕಂಕುಳಲ್ಲಿ ಪುಸ್ತಕ ಹೊತ್ತು ಪುಟ ತಿರುವುತ್ತಿರುವಾಗ ರೇಸ್ ಮುಗಿದಿರುತ್ತದೆ, ಗೆದ್ದದ್ದು ಸನ್ ಅಪ್. ರೇಸ್ ಕೋರ್ಸ್ ರಸ್ತೆಯ ಫುಟ್‌ಪಾತಿನಲ್ಲಿ ಮೂರು ಬಗೆಯ ರೇಸ್ ಪುಸ್ತಕ ಕೊಂಡು, ಮೂರರಲ್ಲೂ ಬೇರೆ ಬೇರೆ ಫೇವರಿಟ್ (ಗೆಲ್ಲುತ್ತದೆಂದು ಹೆಚ್ಚು ನಂಬಿಕೆಯ ಕುದುರೆ) ನೋಡಿ, ಕೊನೆಗೆ ಪಕ್ಕದವನನ್ನು ಕೇಳಿ ಟಿಕೆಟ್ ಹರಿಸಿದವರಿಗೆ ಈ ದೃಶ್ಯವನ್ನು ಯಾರೂ ವಿವರಿಸಬೇಕಿಲ್ಲ.

ಆಮೇಲೆ 1973ರ ‘ದಿ ಸ್ಟಿಂಗ್’. ಪಾಲ್ ನ್ಯೂಮನ್, ರಾಬರ್ಟ್ ರೆಡ್‌ಫೋರ್ಡ್ ಸೇರಿ ರಾಬರ್ಟ್ ಶಾ ಪಾತ್ರವನ್ನು ಬೋಳಿಸುವ ಕಥೆ, ಕಾಲ 1936. ಇದರಲ್ಲಿ ಒಂದು ಕುದುರೆಯೂ ಓಡುವುದು ಕಾಣುವುದಿಲ್ಲ; ಇರುವುದು ಒಂದು ನಕಲಿ ಬೆಟ್ಟಿಂಗ್ ಅಂಗಡಿ, ತಂತಿಯಲ್ಲಿ ಬರುವ ಫಲಿತಾಂಶ, ಕಾಮೆಂಟರಿ ಓದುವ ಒಬ್ಬ ಮನುಷ್ಯ. ಆದರೂ ಅವತ್ತಿನ ನಾಲ್ಕರಲ್ಲಿ ಬೆಟ್ಟಿಂಗನ್ನು ಸರಿಯಾಗಿ ಹಿಡಿದದ್ದು ಇದೇ. ಫಲಿತಾಂಶ ಮೊದಲೇ ತಮಗೆ ತಿಳಿಯುತ್ತದೆ, ಅಂಗಡಿಗೆ ತಡವಾಗಿ ತಲುಪುತ್ತದೆ ಎಂದು ಶಿಕಾರಿಯನ್ನು, ಅಂದರೆ ಶಾ ಪಾತ್ರವನ್ನು, ನಂಬಿಸುತ್ತಾರೆ. ಕಡೆಯ ದಿನ ಫೋನಿನಲ್ಲಿ ಬರುವ ಸುಳಿವು, ‘ಲಕ್ಕಿ ಡ್ಯಾನ್ ಮೇಲೆ ಪ್ಲೇಸ್ ಮಾಡು’ ಎಂಬ ಅರ್ಥದ್ದು. ಅವನು ಐದು ಲಕ್ಷ ಡಾಲರನ್ನು ಅದೇ ಕುದುರೆಯ ಮೇಲೆ ವಿನ್ನಿಗೆ, ಅಂದರೆ ಮೊದಲು ಬರುತ್ತದೆಂದು, ಇಡುತ್ತಾನೆ. ಆಮೇಲೆ ಪಕ್ಕಕ್ಕೆ ಬಂದು ಕೂತವನು ಗಾಬರಿಯಾಗಿ ಹೇಳುತ್ತಾನೆ: ಪ್ಲೇಸ್ ಅಂದದ್ದು ಎರಡನೆಯ ಸ್ಥಾನ, ಆ ಕುದುರೆ ಬರುವುದು ಸೆಕೆಂಡ್!

ಇಲ್ಲಿ ಸಿನಿಮಾ ನಿಲ್ಲಿಸಲೇಬೇಕು. ಅಮೆರಿಕದಲ್ಲಿ ಪ್ಲೇಸ್ ಟಿಕೆಟ್ ಅಂದರೆ ಕುದುರೆ ಮೊದಲನೆಯದಾಗಿ ಬಂದರೂ ಎರಡನೆಯದಾಗಿ ಬಂದರೂ ಹಣ. ಮೂರನೆಯದೂ ಸೇರಬೇಕಾದರೆ ಅದು ‘ಶೋ’. ನಮ್ಮಲ್ಲಿ ಪ್ಲೇಸ್ ಅಂದರೆ ಓಡುವ ಕುದುರೆಗಳ ಸಂಖ್ಯೆ ನೋಡಿಕೊಂಡು ಮೊದಲ ಎರಡು, ಮೂರು. ಸರಿಯಾಗಿ ಎರಡನೆಯದೇ ಬರಬೇಕು ಎನ್ನುವುದಾದರೆ ಅದಕ್ಕೆ ಬೇರೆಯೇ ಟಿಕೆಟ್ಟಿದೆ: ಸೆಕೆಂಡ್ ಹಾರ್ಸ್ ಪೂಲ್, ಬಾಯಿಮಾತಿನಲ್ಲಿ ಎಸ್‌ಎಚ್‌ಪಿ. ಮೊದಲ ಮೂರನ್ನು ಕ್ರಮವಾಗಿ ಹೇಳಿದರೆ ತನಾಲಾ. ಕಿಟಕಿಯಲ್ಲಿ ‘ನಾಲ್ಕನೇ ನಂಬರು ಹಾಕಿ’ ಎಂದಷ್ಟೇ ಹೇಳಿ ಕೈಗೆ ಬಂದ ಟಿಕೆಟ್ ನೋಡದೆ ಹೊರಟವರ ಗೋಳು ಇಲ್ಲೂ ಇದೆ. ರೇಸ್ ನಂಬರು, ಪೂಲು (ಯಾವ ಬಗೆಯ ಟಿಕೆಟ್), ಕುದುರೆ ನಂಬರು, ಮೊತ್ತ, ಇದೇ ಕ್ರಮದಲ್ಲಿ ಹೇಳಿ, ಕಿಟಕಿ ಬಿಡುವ ಮುಂಚೆ ಟಿಕೆಟ್ ಓದಬೇಕು. ಕುದುರೆಗಳು ಹೊರಡುವ ಗೇಟ್ ತೆರೆದ ಮೇಲೆ ಅದನ್ನು ಯಾರೂ ಬದಲಿಸಿಕೊಡುವುದಿಲ್ಲ. ಸಿನಿಮಾದ ಶಿಕಾರಿ ಬಿದ್ದದ್ದೂ ಒಂದು ಪದದ ಹೊಂಡದಲ್ಲಿ.

ಇನ್ನೊಂದು ಪ್ರಶ್ನೆ: ಅವರು ನಕಲಿ ಅಂಗಡಿ ಯಾಕೆ ಕಟ್ಟಿದರು, ಅವನನ್ನು ಟೋಟಿನ, ಅಂದರೆ ರೇಸ್ ಕೋರ್ಸಿನದೇ ಬೆಟ್ಟಿಂಗಿನ, ಕಿಟಕಿಗೇ ಯಾಕೆ ಕಳಿಸಲಿಲ್ಲ? ಟೋಟಿನಲ್ಲಿ ಎಲ್ಲರ ಹಣ ಒಂದು ಹಂಡೆಗೆ ಬೀಳುತ್ತದೆ. ಮನೆಯ, ಅಂದರೆ ರೇಸ್ ನಡೆಸುವವರ, ಪಾಲು ತೆಗೆದು ಉಳಿದದ್ದನ್ನು ಗೆದ್ದ ಟಿಕೆಟ್ಟುಗಳಿಗೆ ಹಂಚುತ್ತಾರೆ. ಲೆಕ್ಕಕ್ಕೆಂದು ಹಂಡೆಯಲ್ಲಿ 1,00,000 ರೂಪಾಯಿ, ಮನೆಗೆ ನೂರಕ್ಕೆ 20 ಎಂದಿಟ್ಟುಕೊಳ್ಳಿ. ಹಂಚಲು ಉಳಿದದ್ದು 80,000. ಒಂದು ಕುದುರೆಯ ಮೇಲೆ 16,000 ಬಿದ್ದಿದ್ದರೆ ಹತ್ತು ರೂಪಾಯಿ ಟಿಕೆಟ್ಟಿಗೆ 50. ಈಗ ಒಬ್ಬ ಧಣಿ ಬಂದು ಅದೇ ಕುದುರೆಯ ಮೇಲೆ 50,000 ಸುರಿದ. ಹಂಡೆ 1,50,000, ಹಂಚಲು 1,20,000, ಆ ಕುದುರೆಯ ಮೇಲೆ 66,000. ಅದೇ ಟಿಕೆಟ್ಟಿಗೆ ಈಗ 18 ರೂಪಾಯಿ ಚಿಲ್ಲರೆ. ದೊಡ್ಡ ಹಣ ತನ್ನ ಲಾಭವನ್ನು ತಾನೇ ತಿನ್ನುತ್ತದೆ. ಬುಕ್ಕಿಯ ಹತ್ತಿರ ಹಾಗಲ್ಲ. ಒಂದಕ್ಕೆ ಐದು ಅಂತ ಸ್ಲಿಪ್ ಬರೆದುಕೊಟ್ಟರೆ ಆಮೇಲೆ ಆಡ್ಸ್ ಎಷ್ಟೇ ಬೀಳಲಿ, ಅದೇ ಬೆಲೆ. ಐದು ಲಕ್ಷದ ಶಿಕಾರಿಗೆ ಬೇಕಾದದ್ದು ಬುಕ್ಕಿಯ ಅಂಗಡಿಯೇ. ಇದು ತಿಳಿದೇ ಕಥೆ ಹೆಣೆದಿದ್ದಾರೆ.

(ಈ ನೂರಕ್ಕೆ 20ರ ಲೆಕ್ಕ ನೋಡಿ ಇವತ್ತಿನ ಪಂಟರ್, ಅಂದರೆ ಬಾಜಿ ಕಟ್ಟುವವನು, ನಗಬಹುದು. 2023ರ ಅಕ್ಟೋಬರ್ 1ರಿಂದ ಬೆಟ್ಟಿನ ಪೂರ್ತಿ ಮುಖಬೆಲೆಯ ಮೇಲೆ ಜಿಎಸ್‌ಟಿ 28%, 2025ರ ಸೆಪ್ಟೆಂಬರ್ 22ರಿಂದ 40%. ಹಳೆಯ ಸಿನಿಮಾದವರು ಪುಣ್ಯವಂತರು.)

ಮಧ್ಯಾಹ್ನ ಊಟದ ನಂತರ ‘ದಿ ಕಿಲ್ಲಿಂಗ್’. 1956, ಸ್ಟ್ಯಾನ್ಲಿ ಕೂಬ್ರಿಕ್, ಕಪ್ಪುಬಿಳುಪು, ಒಂದೂವರೆ ಗಂಟೆಯೂ ಇಲ್ಲ. ರೇಸ್ ಕೋರ್ಸಿನ ಹಣ ಎಣಿಸುವ ಕೋಣೆಯನ್ನು ದೋಚುವ ಯೋಜನೆ. ಒಳಗಿನವರೇ ಬೇಕು, ಹಾಗಾಗಿ ಟಿಕೆಟ್ ಕಿಟಕಿಯ ಕ್ಯಾಷಿಯರ್, ಬಾರಿನವನು, ಒಬ್ಬ ಪೊಲೀಸ್. ಒಬ್ಬ ಕುಸ್ತಿಪಟು ಬಾರಿನಲ್ಲಿ ಜಗಳ ತೆಗೆದು ಕಾವಲಿನವರನ್ನು ಎಳೆಯುತ್ತಾನೆ. ಇನ್ನೊಬ್ಬ ಕಾರ್ ನಿಲ್ಲಿಸುವ ಜಾಗದಿಂದ ಬಂದೂಕು ಹಿಡಿದು ಏಳನೇ ರೇಸಿನ ಫೇವರಿಟ್ ‘ರೆಡ್ ಲೈಟ್ನಿಂಗ್’ ಕುದುರೆಯನ್ನು ತಿರುವಿನಲ್ಲಿ ಹೊಡೆದು ಉರುಳಿಸುತ್ತಾನೆ.

ಕುದುರೆಯನ್ನು ಯಾಕೆ? ಗಲಿಬಿಲಿಗೆ ಎಂದು ಯಾರಾದರೂ ಹೇಳುತ್ತಾರೆ. ಟೋಟ್ ಬಲ್ಲವರು ಇನ್ನೊಂದನ್ನು ಸೇರಿಸುತ್ತಾರೆ: ಫೇವರಿಟ್ ಗೆದ್ದರೆ ಅದೇ ನಿಮಿಷ ಕಿಟಕಿಗಳ ಮುಂದೆ ಕ್ಯೂ, ಒಳಗಿನ ಹಣ ಹೊರಕ್ಕೆ ಹರಿಯುತ್ತದೆ. ಅದು ಬಿದ್ದರೆ ಫಲಿತಾಂಶದ ಮೇಲೆ ಪ್ರಶ್ನೆ ಏಳುತ್ತದೆ, ರೇಸಿನ ತೀರ್ಪುಗಾರರಾದ ಸ್ಟೀವರ್ಡ್‌ಗಳು ಕೂರುತ್ತಾರೆ, ಪಾವತಿ ನಿಲ್ಲುತ್ತದೆ. ಹಣ ಒಳಗೇ ಉಳಿಯುತ್ತದೆ. ರೇಸ್ ಮುಗಿಯುವುದು ಗೆಲುವಿನ ಕಂಬದಲ್ಲಲ್ಲ. ಜಾಕಿಗಳು ಜೀನಿನ ಸಮೇತ ತಕ್ಕಡಿ ಮೇಲೆ ಕೂತು, ಹೊರಡುವಾಗಿನ ತೂಕಕ್ಕೆ ಸರಿಹೊಂದಿ, ಯಾರೂ ಆಬ್ಜೆಕ್ಷನ್ ಎತ್ತದೆ, ಎಲ್ಲ ಸರಿ ಎಂದು ಘೋಷಣೆಯಾದ ಮೇಲೆಯೇ ಡಿವಿಡೆಂಡ್, ಅಂದರೆ ಗೆದ್ದ ಟಿಕೆಟ್ಟಿನ ಹಣ. ಒಬ್ಬ ಇನ್ನೊಬ್ಬನ ದಾರಿಗೆ ಅಡ್ಡ ಬಂದಿದ್ದರೆ ಮೊದಲನೆಯದು ಎರಡನೆಯದಾಗುತ್ತದೆ. ಸೋತೆ ಎಂದು ಟಿಕೆಟ್ ಹರಿದೆಸೆದು, ಹತ್ತು ನಿಮಿಷದ ಮೇಲೆ ನೆಲದಲ್ಲಿ ಚೂರು ಹುಡುಕುವವರು ಪ್ರತಿ ಸೀಸನ್ನಿನಲ್ಲೂ ಸಿಗುತ್ತಾರೆ. ಸಿನಿಮಾದ ಜನ ಮಾತ್ರ ಕುದುರೆ ಕಂಬ ದಾಟಿದ ಕ್ಷಣವೇ ಟಿಕೆಟ್ ತೂರುತ್ತಾರೆ. ನೋಡಲು ಚಂದ.

ಕಾಫಿಯ ಹೊತ್ತಿಗೆ 1989ರ ‘ಲೆಟ್ ಇಟ್ ರೈಡ್’ನಿಂದ ಒಂದು ತುಣುಕು. ರಿಚರ್ಡ್ ಡ್ರೈಫಸ್ ಪಂಟರ್. ಕಥೆ ಒಂದೇ ದಿನದ್ದು, ಚಿತ್ರೀಕರಣ ಫ್ಲಾರಿಡಾದ ಹೈಯಲಿಯಾದಲ್ಲಿ. ಸಾಧಾರಣ ಸಿನಿಮಾ ಎಂದವರಿದ್ದಾರೆ, ಒಪ್ಪಲು ಕಷ್ಟ. ಒಂದು ರೇಸಿಗೆ ಅವನು ಸಿಕ್ಕವರನ್ನೆಲ್ಲ ನಿಮ್ಮ ಕುದುರೆ ಯಾವುದು ಎಂದು ಕೇಳಿ, ಅವರು ಹೇಳಿದ ಹೆಸರುಗಳಿಗೆ ಗೀಟು ಎಳೆಯುತ್ತ ಹೋಗಿ, ಯಾರೂ ಹೇಳದ ಕುದುರೆಗೆ ಹಾಕುತ್ತಾನೆ. ನಗು ಬರುತ್ತದೆ, ಆದರೆ ಹಂಡೆಯ ಲೆಕ್ಕ ಗೊತ್ತಿದ್ದರೆ ಅರ್ಧ ಸರಿ: ಯಾರೂ ಹಾಕದ ಕುದುರೆಗೇ ದೊಡ್ಡ ಡಿವಿಡೆಂಡ್. ಅದನ್ನೇ ಇಲ್ಲಿ ಫ್ಲೂಕ್ ಎನ್ನುವುದು. ಉಳಿದರ್ಧ, ಅಂದರೆ ಆ ಕುದುರೆ ಗೆಲ್ಲುವುದು, ಲೆಕ್ಕಕ್ಕೆ ಸಿಗುವುದಿಲ್ಲ.

ಸಂಜೆಗೆ ಕುದುರೆ ಸಿನಿಮಾಗಳು. 2003ರ ‘ಸೀಬಿಸ್ಕಿಟ್’ ನೋಡುವಾಗ ಬೆಂಗಳೂರಿನ ಕಣ್ಣಿಗೆ ಮೊದಲು ತೊಡಕಾಗುವುದು ದಿಕ್ಕು. ಇಲ್ಲಿ ಕುದುರೆಗಳು ಗಡಿಯಾರದ ಮುಳ್ಳಿನಂತೆ ಬಲಕ್ಕೆ ತಿರುಗುತ್ತವೆ, ಹುಲ್ಲಿನ ಮೇಲೆ. ಅಮೆರಿಕದಲ್ಲಿ ಎಡಕ್ಕೆ, ಹೆಚ್ಚಾಗಿ ಮಣ್ಣಿನ ಮೇಲೆ. ಸ್ವಲ್ಪ ಹೊತ್ತು ಕನ್ನಡಿಯಲ್ಲಿ ರೇಸ್ ನೋಡಿದ ಹಾಗಿರುತ್ತದೆ. ಜಾಕಿ ಜಾರ್ಜ್ ವೂಲ್ಫ್ ಪಾತ್ರದಲ್ಲಿರುವ ಗ್ಯಾರಿ ಸ್ಟೀವನ್ಸ್ ನಿಜಜೀವನದಲ್ಲೂ ಜಾಕಿಯಾಗಿದ್ದವರು. ಕೂತ ಭಂಗಿಯಲ್ಲೇ ಅದು ಗೊತ್ತಾಗುತ್ತದೆ, ಬೆನ್ನು ಅಲುಗುವುದಿಲ್ಲ, ಕುದುರೆಯ ಕತ್ತಿನ ಜೊತೆ ಕೈ ಮಾತ್ರ ಹೋಗಿಬರುತ್ತದೆ. ನಟರ ಸಮೀಪದ ಶಾಟುಗಳಲ್ಲಿ ಇಡೀ ಮೈ ಕುಣಿಯುತ್ತದೆ.

ಸಿನಿಮಾದಲ್ಲಿ ಬರುವ ದೊಡ್ಡ ಪಂದ್ಯ 1938ರ ನವೆಂಬರ್ 1ರಂದು ಪಿಮ್ಲಿಕೊದಲ್ಲಿ ನಡೆದದ್ದು, ಎರಡೇ ಕುದುರೆ, ಸೀಬಿಸ್ಕಿಟ್ ಮತ್ತು ವಾರ್ ಅಡ್ಮಿರಲ್. ದೂರ ಒಂದು ಮೈಲಿ ಮತ್ತು ಹದಿನಾರರಲ್ಲಿ ಮೂರು ಭಾಗ, ಎರಡಕ್ಕೂ 120 ಪೌಂಡ್ ತೂಕ. ವಾರ್ ಅಡ್ಮಿರಲ್ ಗೇಟಿಗೆ ಒಗ್ಗದ ಕುದುರೆ. ಹಾಗಾಗಿ ಗೇಟಿಲ್ಲದೆ ನಡೆದುಬಂದು ಗಂಟೆಯ ಸದ್ದಿಗೆ ಓಡಬೇಕೆಂದು ಕರಾರು. ವಾರ್ ಅಡ್ಮಿರಲ್ ಮುಂದೆ ಓಡಿಯೇ ಗೆಲ್ಲುವ ಜಾತಿ, ಸೀಬಿಸ್ಕಿಟ್ ಹಿಂದಿನಿಂದ ಬರುವ ಕುದುರೆ. ತರಬೇತುದಾರ ಟಾಮ್ ಸ್ಮಿತ್ ಗಂಟೆ ಬಾರಿಸಿ ಬಾರಿಸಿ, ಸದ್ದು ಕೇಳಿದ ಕೂಡಲೇ ಚಿಮ್ಮುವ ಹಾಗೆ ತನ್ನ ಕುದುರೆಯನ್ನು ಪಳಗಿಸಿದ. ಎರಡು ಕುದುರೆಯ ಪಂದ್ಯದಲ್ಲಿ ಮೊದಲ ನೂರು ಗಜವೇ ಅರ್ಧ ತೀರ್ಪು. ಎದುರು ಬದಿಯ ನೇರ ಓಟಕ್ಕೆ ಬಂದಾಗ ವೂಲ್ಫ್ ಬೇಕೆಂದೇ ಲಗಾಮು ಎಳೆದು ಎದುರಾಳಿಯನ್ನು ಪಕ್ಕಕ್ಕೆ ಬಿಟ್ಟುಕೊಂಡ. ಪಕ್ಕದ ಕುದುರೆಯನ್ನು ಕಣ್ಣಾರೆ ಕಂಡರೆ ಸೀಬಿಸ್ಕಿಟ್ ರೊಚ್ಚಿಗೇಳುತ್ತದೆ ಎಂಬುದು ಅದರ ಖಾಯಂ ಜಾಕಿ ರೆಡ್ ಪೊಲಾರ್ಡ್ ಕೊಟ್ಟ ಸಲಹೆ. ಗೆಲುವು ನಾಲ್ಕು ಲೆಂತ್ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ). ಸಿನಿಮಾ ಮಾತ್ರ ರೇಸ್ ಶುರುವಾಗುವ ಹೊತ್ತಿಗೇ ರೇಡಿಯೋಗೆ ಕಿವಿಗೊಟ್ಟ ಜನರ ಸ್ಥಿರಚಿತ್ರಗಳಿಗೆ ಹಾರುತ್ತದೆ. ಕಾಲವನ್ನು ತೋರಿಸಲು ಅದು ಸರಿ, ಆದರೆ ಗಂಟೆಗಾಗಿ ಅಷ್ಟು ಹೊತ್ತಿನಿಂದ ಕಾದವರಿಗೆ ಅನ್ನದ ತಟ್ಟೆ ಎಳೆದುಕೊಂಡ ಹಾಗೆ.

ಇನ್ನು ಬೋರ್ಡು. ಅವತ್ತು ವಾರ್ ಅಡ್ಮಿರಲ್ ನಾಲ್ಕು ಕಟ್ಟಿದರೆ ಒಂದು ಲಾಭ. ಸೀಬಿಸ್ಕಿಟ್ ಎರಡು ಡಾಲರಿಗೆ 6.40 ಡಾಲರ್ ಕೊಟ್ಟಿತು. ಇಂಥದ್ದು ಕಂಡಾಗ ಒಂದು ಲೆಕ್ಕ ಮಾಡಿ ನೋಡಬಹುದು. ಒಂದು ಡಾಲರಿಗೆ ವಾಪಸು 1.25 ಅಂದರೆ 100 ಭಾಗಿಸು 1.25, ಅದು 80. ಇನ್ನೊಂದಕ್ಕೆ 100 ಭಾಗಿಸು 3.20, ಸುಮಾರು 31. ಎರಡೂ ಸೇರಿ 111. ಮನೆಯ ಪಾಲು ಇಲ್ಲದಿದ್ದರೆ ಮೊತ್ತ 100 ಇರಬೇಕಿತ್ತು. ಮೇಲಿನ ಹನ್ನೊಂದೇ ಹಂಡೆಯಿಂದ ತೆಗೆದ ಪಾಲಿನ ಗುರುತು, ಹತ್ತಿರಹತ್ತಿರ ಹತ್ತನೇ ಒಂದು. ಬುಕ್ಕಿಗಳ ಹಲಗೆಯ ಮುಂದೆ ನಿಂತು ಎಲ್ಲ ಕುದುರೆಗಳಿಗೂ ಹೀಗೇ ಕೂಡಿದರೆ, ಆ ರೇಸಿನಲ್ಲಿ ಎಷ್ಟು ಸುಲಿಗೆ ಎಂದು ಕಿಟಕಿಗೆ ಹೋಗುವ ಮುಂಚೆಯೇ ಗೊತ್ತಾಗುತ್ತದೆ. ಮೊತ್ತ 140 ದಾಟಿದರೆ ಆ ರೇಸಿನ ಹೊತ್ತಿಗೆ ಕ್ಯಾಂಟೀನಿನ ಕಡೆ ನಡೆಯುವುದು ವಾಸಿ.

ಕಡೆಯದು 2010ರ ‘ಸೆಕ್ರೆಟೇರಿಯಟ್’. ಡಯಾನ್ ಲೇನ್ ಒಡತಿ ಪೆನ್ನಿ ಚೆನರಿ, ಜಾನ್ ಮಾಲ್ಕೊವಿಚ್ ತರಬೇತುದಾರ. ಇಲ್ಲೂ ಜಾಕಿ ರಾನ್ ಟರ್ಕಾಟ್ ಪಾತ್ರ ಮಾಡಿದವರು ಜಾಕಿಯೇ, ಆಟೊ ಥೋರ್ವರ್ತ್. ಸಿನಿಮಾ ಮನೆ, ಸಾಲ, ಛಲದ ಕಥೆ ಹೇಳುತ್ತ ಹೋಗುತ್ತದೆ, ಹಿತವಾಗಿದೆ, ಸಕ್ಕರೆ ಒಂದು ಚಮಚ ಜಾಸ್ತಿ. ಆದರೆ 1973ರ ಜೂನ್ 9ರ ಬೆಲ್ಮಾಂಟ್‌ಗೆ ಬಂದಾಗ ಯಾವ ಸಿನಿಮಾಕ್ಕೂ ಉಪ್ಪುಖಾರ ಬೇಕಿಲ್ಲ. ಒಂದೂವರೆ ಮೈಲಿ, ಅಂದರೆ ನಮ್ಮ ಡರ್ಬಿಯ 2400 ಮೀಟರಿಗಿಂತ ಕೊಂಚ ಹೆಚ್ಚು. ಐದೇ ಕುದುರೆ. ಸಮಯ 2 ನಿಮಿಷ 24 ಸೆಕೆಂಡ್, ಅಂತರ 31 ಲೆಂತ್. ಲೆಂತ್ ಒಂದಕ್ಕೆ ಎಂಟು ಅಡಿ ಹಿಡಿದರೂ ಸುಮಾರು 75 ಮೀಟರ್. ಸಿನಿಮಾದವರಿಗೆ ಇದರಿಂದ ಕಷ್ಟವೇ ಆಯಿತು: ಕ್ಯಾಮೆರಾ ಕುದುರೆಯನ್ನು ತೋರಿಸಿದರೆ ಹಿಂದಿನವು ಕಾಣುವುದಿಲ್ಲ, ಎಲ್ಲವನ್ನೂ ತೋರಿಸಿದರೆ ಇದು ಚುಕ್ಕೆ. ಸ್ಪರ್ಧೆಯೇ ಇಲ್ಲದ ರೇಸಿನಲ್ಲಿ ಉಸಿರು ಬಿಗಿಹಿಡಿಸಬೇಕು. ಇಲ್ಲಿ ಸಿನಿಮಾ ನಿಲ್ಲಿಸಿ ಅವತ್ತಿನ ಹಳೆಯ ಟಿವಿ ದಾಖಲೆ ಹಾಕಿ ನೋಡುವುದೇ ಮೇಲು.

ಟಿಕೆಟ್ಟಿನ ಮಾತಿಗೆ ಬಂದರೆ ಬೆಲ್ಮಾಂಟ್ ಪಂಟರಿಗೆ ಹೆಚ್ಚೇನೂ ಗಿಟ್ಟದ ರೇಸು. ಎಲ್ಲರೂ ಅದಕ್ಕೇ ಹಾಕಿದ್ದರು. ಎರಡು ಡಾಲರಿಗೆ ವಾಪಸು ಎರಡು ಡಾಲರ್ ಇಪ್ಪತ್ತು ಸೆಂಟ್. ಆ ಇಪ್ಪತ್ತು ಸೆಂಟಿಗೆ ಎಲ್ಲರೂ ಕ್ಯೂ ನಿಲ್ಲಲಿಲ್ಲ. ಗೆದ್ದ ಟಿಕೆಟ್ಟುಗಳಲ್ಲಿ 5,617 ಕಿಟಕಿಗೆ ವಾಪಸು ಬರಲೇ ಇಲ್ಲ, ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದರು.