ಗುಜರಿಗೆ ಹೋಗಬೇಕಿದ್ದ ಸನ್ ಅಲ್ಟ್ರಾ 5ಕ್ಕೆ ಲ್ಯಾಬ್‌ನಲ್ಲಿ ಕೆಲಸ ಸಿಕ್ಕಿದ್ದು

ಹಳೇ ಯುನಿಕ್ಸ್ ಮಷಿನ್ ರಿಪೇರಿ ಮಾಡುವುದು ಅಂಥ ಕಷ್ಟವೇನಲ್ಲ. ರಿಪೇರಿ ಆದಮೇಲೆ ಅದಕ್ಕೊಂದು ನಿಜವಾದ ಕೆಲಸ ಹುಡುಕುವುದೇ ಕಷ್ಟ. ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ನಮ್ಮಲ್ಲಿದ್ದ ಸನ್ ಅಲ್ಟ್ರಾ 5 (ಸನ್ ಕಂಪನಿಯ ಯುನಿಕ್ಸ್ ಕಂಪ್ಯೂಟರ್) ಗುಜರಿಗೆ ಹಾಕುವ ಕಂಡೆಮ್ ಪಟ್ಟಿಗೆ ಸೇರಿದಾಗ ಉಳಿಸಿಕೊಳ್ಳೋಣ ಅಂದೆ. ಎಚ್‌ಒಡಿ ಮೇಡಂ ಕೇಳಿದ್ದು ಒಂದೇ ಮಾತು: "ರಿಪೇರಿ ಮಾಡ್ತೀರಿ, ಸರಿ. ಆಮೇಲೆ ಅದ್ರಲ್ಲಿ ಏನ್ಮಾಡ್ತೀರಿ?"

ಈ ಮಾಡೆಲ್ ಬಂದಿದ್ದು 1998ರಲ್ಲಿ. ಒಳಗಿರುವುದು ಅಲ್ಟ್ರಾಸ್ಪಾರ್ಕ್ ಪ್ರೊಸೆಸರ್, ನಮ್ಮದು 360 ಮೆಗಾಹರ್ಟ್ಸ್. ಚಿಪ್ ಡಿಸೈನ್ ಸಾಫ್ಟ್‌ವೇರ್ ಬೇಕೆಂದರೆ ಸನ್ ಮಷಿನ್, ಅದರ ಓಎಸ್ ಸೋಲಾರಿಸ್ ಅನ್ನುತ್ತಿದ್ದ ಕಾಲ ಅದು. ಲಿನಕ್ಸ್ ಹಾಕಿದ ಪಿಸಿಗಳು ಬಂದಮೇಲೆ ಇದು ಸ್ಟೋರ್ ರೂಮ್ ಸೇರಿತು. 2010ರಲ್ಲಿ ಸನ್ ಕಂಪನಿಯೇ ಒರಾಕಲ್ ಪಾಲಾಯಿತು.

ಮೊದಲು ಮಷಿನ್ ಬಿಚ್ಚಿ ಒರೆಸಿದೆವು. ಸಕಲೇಶಪುರದಷ್ಟು ಮಳೆ ನಮಗಿಲ್ಲ. ಆದರೂ ಆಷಾಢದ ಥಂಡಿಗೆ ಮುಚ್ಚಿಟ್ಟ ಕೋಣೆಯ ಸಾಮಾನು ಹಾಳಾಗುತ್ತದೆ. ರ‍್ಯಾಮ್ ಕಾಲುಗಳು ಮಂಕಾಗಿದ್ದವು, ರಬ್ಬರಿನಿಂದ ಉಜ್ಜಿದೆವು. ಪವರ್ ಸಪ್ಲೈನ ಕೆಪಾಸಿಟರ್ ಯಾವುದೂ ಉಬ್ಬಿರಲಿಲ್ಲ, ಮಲ್ಟಿಮೀಟರಿನಲ್ಲಿ ವೋಲ್ಟೇಜ್ ಸರಿಯಾಗಿ ಬಂತು. ಆನ್ ಮಾಡಿದರೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು. ಜೊತೆಗಿದ್ದವರೆಲ್ಲ "ಬೋರ್ಡ್ ಹೋಗಿದೆ ಬಿಡಿ" ಅಂದರು.

ಸನ್ ಮಷಿನ್‌ಗಳ ಒಂದು ಒಳ್ಳೇ ಗುಣ ಎಂದರೆ ಕೀಬೋರ್ಡ್ ಕಿತ್ತು ಆನ್ ಮಾಡಿದರೆ ಸೀರಿಯಲ್ ಪೋರ್ಟ್‌ನಲ್ಲಿ ಅಕ್ಷರ ಕಳಿಸಿ ಮಾತಾಡುತ್ತವೆ. ಯುಎಸ್‌ಬಿ ಕನ್ವರ್ಟರ್‌ಗೆ ನಲ್ ಮೋಡೆಮ್ ಕೇಬಲ್ ಜೋಡಿಸಿ, ಲ್ಯಾಪ್‌ಟಾಪಿನಲ್ಲಿ 9600 ಬಾಡ್ ವೇಗ ಇಟ್ಟೆ. ಅಕ್ಷರಗಳು ಬಂದವು! ಬೋರ್ಡಿಗೆ ಏನೂ ಆಗಿರಲಿಲ್ಲ. ಅದು ಕಳಿಸುತ್ತಿದ್ದ 1152x900 ಚಿತ್ರವನ್ನು ನಮ್ಮ ಎಲ್‌ಸಿಡಿ ಮಾನಿಟರ್ ಹಿಡಿಯುತ್ತಿರಲಿಲ್ಲ, ಅಷ್ಟೇ. ಈಥರ್ನೆಟ್ ವಿಳಾಸದ ಜಾಗದಲ್ಲಿ ಬರೀ ಎಫ್‌ಎಫ್, ಎಫ್‌ಎಫ್ ಎಂದಿತ್ತು. ಐಡಿಪ್ರಾಮ್ (ಮಷಿನ್ನಿನ ಗುರುತು ಇರುವ ಜಾಗ) ಸರಿಯಿಲ್ಲ ಎಂಬ ದೂರು ಬೇರೆ.

ಇದು ಆ ಕಾಲದ ಸನ್ ಮಷಿನ್‌ಗಳಿಗೆ ಬರುವ ಕಾಯಿಲೆ. ಅಲ್ಟ್ರಾ 5ರಲ್ಲಿ ಗಡಿಯಾರ, ಸೆಟ್ಟಿಂಗ್, ಹೋಸ್ಟ್ ಐಡಿ (ಮಷಿನ್ನಿನ ಗುರುತಿನ ಸಂಖ್ಯೆ), ನೆಟ್‌ವರ್ಕ್ ವಿಳಾಸ ಎಲ್ಲವೂ ಕರೆಂಟ್ ಹೋದರೂ ನೆನಪಿಟ್ಟುಕೊಳ್ಳುವ ಎಂ48ಟಿ59 ಎಂಬ ಒಂದೇ ಎನ್‌ವಿರ‍್ಯಾಮ್ ಚಿಪ್ಪಿನಲ್ಲಿ ಇರುತ್ತವೆ. ಅದರ ಪ್ಲಾಸ್ಟಿಕ್ಕಿನೊಳಗೇ ಲಿಥಿಯಂ ಸೆಲ್ ಇದೆ, ಬದಲಾಯಿಸಲು ಬರುವುದಿಲ್ಲ. ಸೆಲ್ ಸತ್ತರೆ ಮಷಿನ್‌ಗೆ ತನ್ನ ಗುರುತೇ ಮರೆತುಹೋಗುತ್ತದೆ. ಹಳೇ ಡಿಸೈನ್ ಸಾಫ್ಟ್‌ವೇರಿನ ಲೈಸೆನ್ಸ್ ಹೋಸ್ಟ್ ಐಡಿಗೇ ಕಟ್ಟಿರುತ್ತಿದ್ದರಿಂದ ಅದೂ ಜೊತೆಗೇ ಹೋಗುತ್ತದೆ. ಚಿಪ್ಪಿನ ಮೇಲ್ಭಾಗವನ್ನು ನಿಧಾನಕ್ಕೆ ಕೊರೆದು ಸೆಲ್ಲಿನ ಎರಡು ತಂತಿ ಹುಡುಕಿದೆವು. ಹಳೇ ಸೆಲ್ಲಿನ ಸಂಪರ್ಕವನ್ನು ಪೂರ್ತಿ ಕತ್ತರಿಸಲೇಬೇಕು. ಇಲ್ಲದಿದ್ದರೆ ಹೊಸ ಸೆಲ್ಲಿನ ಕರೆಂಟೆಲ್ಲ ಸತ್ತ ಸೆಲ್ಲಿಗೆ ಹರಿದುಹೋಗುತ್ತದೆ. ಆಮೇಲೆ ಹೋಲ್ಡರ್ ಬೆಸುಗೆ ಹಾಕಿ ಒಂದು ಸಿಆರ್2032 ಬಟನ್ ಸೆಲ್ ಕೂರಿಸಿದೆವು. ನೆಟ್‌ವರ್ಕ್ ವಿಳಾಸವನ್ನು ಓಎಸ್ ಶುರುವಾಗುವ ಮೊದಲೇ ಮಷಿನ್ ಕೊಡುವ ಓಕೆ ಪ್ರಾಂಪ್ಟ್‌ನಲ್ಲಿ ಒಂದೊಂದೇ ಬೈಟ್ ಕೈಯಿಂದ ತುಂಬಬೇಕು. ಆ ಕಾಲದ ಸನ್ ವಿಳಾಸಗಳು 08:00:20ರಿಂದ ಶುರುವಾಗುತ್ತವೆ. ಉಳಿದ ಅಂಕಿಗಳು ಚಿಪ್ಪಿಗೆ ಅಂಟಿಸಿದ ಚೀಟಿಯಲ್ಲೇ ಇದ್ದವು. ಡಿಸ್ಕ್ ಹಳೇ ಪಿಸಿಗಳಲ್ಲಿದ್ದ ಐಡಿಇ ಬಗೆಯದೇ ಆಗಿದ್ದರಿಂದ ಅದಕ್ಕೆ ಹೆಚ್ಚು ಓಡಾಟ ಆಗಲಿಲ್ಲ. ಸೋಲಾರಿಸ್ ಇದ್ದ ಮೂಲ ಡಿಸ್ಕನ್ನು ತೆಗೆದಿಟ್ಟು ಬೇರೆಯದಕ್ಕೆ ನೆಟ್‌ಬಿಎಸ್‌ಡಿ ಎಂಬ ಉಚಿತ ಓಎಸ್ ಹಾಕಿದೆವು.

ಇನ್ನು ಮೇಡಂ ಕೇಳಿದ ಪ್ರಶ್ನೆ. ಫೈಲ್ ಸರ್ವರ್ ಮಾಡೋಣ, ವೆಬ್ ಸರ್ವರ್ ಮಾಡೋಣ ಎಂದು ಸಲಹೆಗಳು ಬಂದವು. ನಾನು ಒಪ್ಪಲಿಲ್ಲ. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಅದನ್ನೆಲ್ಲ ಕಡಿಮೆ ಕರೆಂಟಿನಲ್ಲಿ, ಇನ್ನೂ ಚುರುಕಾಗಿ ಮಾಡುತ್ತದೆ. ಹೊಸ ಮಷಿನ್ ಮಾಡಲಾಗದ ಕೆಲಸ ಇದಕ್ಕೆ ಸಿಗಬೇಕು. ಇಲ್ಲದಿದ್ದರೆ ಸುಮ್ನೆ ಜಾಗ ತಿನ್ನುತ್ತದೆ, ಅಲ್ವಾ?

ಅಂಥ ಕೆಲಸ ಸಿ ಭಾಷೆ ಕಲಿಸುವ ಸಿ ಲ್ಯಾಬ್‌ನಲ್ಲಿ ಸಿಕ್ಕಿತು. ಇಂಟೆಲ್ ಪ್ರೊಸೆಸರ್ ಒಂದು ಸಂಖ್ಯೆಯ ಚಿಕ್ಕ (ಬಿಡಿ ಸ್ಥಾನದ ಕಡೆಯ) ಬೈಟನ್ನು ಮೊದಲು ಇಡುತ್ತದೆ, ಸನ್‌ನ ಸ್ಪಾರ್ಕ್ ದೊಡ್ಡದನ್ನು ಮೊದಲು ಇಡುತ್ತದೆ. ಪುಸ್ತಕದಲ್ಲಿ ಇದು ಎರಡು ಅಂಕದ ಪ್ರಶ್ನೆ. ಲ್ಯಾಬ್‌ನಲ್ಲಿ ಮಾಡಿಸುವುದು ಹೀಗೆ: ಪಿಸಿಯಲ್ಲಿ ಫೈಲಿಗೆ 1 ಎಂಬ ಸಂಖ್ಯೆಯನ್ನು ನಾಲ್ಕು ಬೈಟಾಗಿ ಬರೆಯಿರಿ, ಆ ಫೈಲನ್ನು ಸನ್‌ಗೆ ಕಳಿಸಿ ಓದಿ. ತೆರೆಯ ಮೇಲೆ 16777216 ಬರುತ್ತದೆ. ಒಬ್ಬ ಹುಡುಗಿ ಎದ್ದು ನಿಂತು "ಸರ್, ಫೈಲ್ ಕರಪ್ಟ್ ಆಗಿದೆ" ಅಂದಳು. ಎರಡೂ ಕಡೆ ಫೈಲಿನ ಬೈಟ್‌ಗಳನ್ನು ತೆರೆದು ತೋರಿಸಿದೆ. ನಾಲ್ಕೂ ಬೈಟ್ ಅವೇ, ಅದೇ ಸಾಲಿನಲ್ಲಿ. ಬೇರೆಯಾಗಿದ್ದು ಓದುವ ದಿಕ್ಕು ಮಾತ್ರ. ಆಮೇಲೆ ಇಡೀ ಬ್ಯಾಚ್‌ಗೆ ಬೇರೆ ವಿವರಣೆ ಬೇಕಾಗಲಿಲ್ಲ.

ನೆಟ್‌ವರ್ಕಿನಲ್ಲಿ ಮಾತಾಡುವ ಸಾಕೆಟ್ ಪ್ರೋಗ್ರಾಂನಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ನೆಟ್‌ವರ್ಕಿನ ಕ್ರಮವೂ ದೊಡ್ಡ ಬೈಟ್ ಮೊದಲು. ಹಾಗಾಗಿ ಎಚ್‌ಟನ್ಸ್ (ಪೋರ್ಟ್ ಸಂಖ್ಯೆಯನ್ನು ನೆಟ್‌ವರ್ಕ್ ಕ್ರಮಕ್ಕೆ ತರುವ ಫಂಕ್ಷನ್) ಬಿಟ್ಟು ಬರೆದ ಸರ್ವರ್ ಸನ್‌ನಲ್ಲಿ ಪೋರ್ಟ್ 5000ರಲ್ಲೇ ಕೂರುತ್ತದೆ. ಅದೇ ಕೋಡ್ ಪಿಸಿಯಲ್ಲಿ 34835ಕ್ಕೆ ಹೋಗಿ ಕೂರುತ್ತದೆ. ಆ ಒಂದು ಸಾಲು ಯಾಕೆ ಬೇಕು ಎಂದು ಮಕ್ಕಳು ತಾವೇ ಹೇಳುತ್ತಾರೆ.

ಮೂರನೆಯದು ನನಗೆ ತುಂಬಾ ಇಷ್ಟ. ನಾಲ್ಕು ಬೈಟಿನ ಸಂಖ್ಯೆಯನ್ನು ಮೆಮೊರಿಯ ಬೆಸ ವಿಳಾಸದಿಂದ ಓದಿದರೆ ಇಂಟೆಲ್ ಏನೂ ಅನ್ನದೆ ಓದಿಕೊಡುತ್ತದೆ. ಸ್ಪಾರ್ಕ್ ಅಲ್ಲೇ ಬಸ್ ಎರರ್ ಕೊಟ್ಟು ಪ್ರೋಗ್ರಾಂ ನಿಲ್ಲಿಸುತ್ತದೆ. ಪಾಯಿಂಟರನ್ನು (ಮೆಮೊರಿ ವಿಳಾಸವನ್ನು) ಮನಸ್ಸಿಗೆ ಬಂದಂತೆ ಕಾಸ್ಟ್ ಮಾಡುವ, ಅಂದರೆ ಬೇರೆ ಟೈಪಿಗೆ ಬದಲಿಸುವ ಅಭ್ಯಾಸ ಬಿಡಿಸಲು ಇದಕ್ಕಿಂತ ಒಳ್ಳೇ ಮೇಷ್ಟ್ರು ನಮ್ಮ ಲ್ಯಾಬ್‌ನಲ್ಲಿಲ್ಲ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಓಕೆ ಪ್ರಾಂಪ್ಟ್ ಕೂಡ ಪಾಠಕ್ಕೆ ಬಂತು. ಅದು ಫೋರ್ತ್ ಭಾಷೆಯದು, ಓಎಸ್ ಇಲ್ಲದೆಯೂ ಓಡುತ್ತದೆ. 2 3 + . ಎಂದು ಹೊಡೆದರೆ (ಕೊನೆಯ ಚುಕ್ಕಿ ಎಂದರೆ ಉತ್ತರ ತೋರಿಸು) 5 ಬರುತ್ತದೆ. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ಕಾಗದದ ಮೇಲೆ ಮಾಡುವ ಪೋಸ್ಟ್‌ಫಿಕ್ಸ್ (ಚಿಹ್ನೆ ಕೊನೆಗೆ ಬರುವ) ಲೆಕ್ಕ ಇಲ್ಲಿ ನೇರವಾಗಿ ನಡೆಯುತ್ತದೆ. 10 10 + . ಹೊಡೆದರೂ ಉತ್ತರ 20. ಆದರೆ ಅದು ಹೆಕ್ಸ್, ಅಂದರೆ 16ರ ಪದ್ಧತಿಯ 20, ನಮ್ಮ ಲೆಕ್ಕದಲ್ಲಿ 32. ಇದನ್ನು ನಾನು ಮೊದಲೇ ಹೇಳುವುದಿಲ್ಲ, ಮಕ್ಕಳೇ ಕಂಡುಹಿಡಿಯಲಿ ಎಂದು ಬಿಡುತ್ತೇನೆ.

ಲ್ಯಾಬ್ ಇದ್ದ ದಿನ ಮಾತ್ರ ಆನ್ ಮಾಡುತ್ತೇವೆ, ಯುಪಿಎಸ್ ಮೇಲೆ. ಕಾಲೇಜಿನ ಒಳಗಿನ ನೆಟ್‌ವರ್ಕ್ ಬಿಟ್ಟು ಹೊರಗೆ ಸಂಪರ್ಕ ಕೊಟ್ಟಿಲ್ಲ. ಕಂಡೆಮ್ ಪಟ್ಟಿಯಿಂದ ಅದರ ಹೆಸರನ್ನು ಮೇಡಂ ತೆಗೆಸಿದ್ದಾರೆ. ಸ್ಟಾಕ್ ರಿಜಿಸ್ಟರಿನಲ್ಲಿ ಈಗ ಅದು ಸಿ ಲ್ಯಾಬ್‌ನ ಉಪಕರಣ.