ಕೂಡದ ಎರಡು ರೀಡು

ಅಪ್ಪ ಮೂವತ್ತು ವರ್ಷ ಕಂಪನಿ ನಾಟಕಗಳಿಗೆ ಕಾಲ್ಪೇಟಿ, ಅಂದರೆ ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಂ, ನುಡಿಸಿದವರು. ಈಗ ಗಂಗಾವತಿಯ ನಮ್ಮ ಪಡಸಾಲೆಯಲ್ಲಿ ಕೂತು ಪೇಟಿ ರಿಪೇರಿ ಮಾಡುತ್ತಾರೆ. ಹೋದ ವಾರ ಆನೆಗೊಂದಿಯಲ್ಲಿ ಫ್ರಾನ್ಸಿನ ಗಾಯಕಿಯೊಬ್ಬರು ತಾವೇ ಅಕಾರ್ಡಿಯನ್ ನುಡಿಸಿಕೊಂಡು ಹಾಡುತ್ತಾರೆ ಅಂತ ಗೊತ್ತಾಯಿತು. ಅಪ್ಪನನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋದೆ.

ಮೊದಲು ಜರ್ಮನ್ ಕ್ಯಾಬರೆ. ಹಾಗಂದ್ರೆ ನಮಗೆ ಹಳೇ ಸಿನಿಮಾದ ಕುಣಿತ ನೆನಪಾಗುತ್ತದೆ, ಅಲ್ವಾ? ಬರ್ಲಿನ್ನಿನದು ಬೇರೆ. ಚಿಕ್ಕ ಸಭೆ, ಅರ್ಧ ಮಾತು, ಅರ್ಧ ಹಾಡು. 1928ರಲ್ಲಿ ಅಲ್ಲಿ ಆಡಿದ, ಜರ್ಮನ್ ನಾಟಕಕಾರ ಬ್ರೆಕ್ಟ್ ಅವರ ನಾಟಕದ ಹಾಡೊಂದಿತ್ತು, ಸಂಗೀತ ಕುರ್ಟ್ ವೈಲ್ ಅವರದು. ಕೊಲೆಗಾರನೊಬ್ಬನ ಕೃತ್ಯಗಳನ್ನು ಒಂದೊಂದಾಗಿ ಹೇಳುವ ಹಾಡು, ಧಾಟಿ ಮಾತ್ರ ಜಾತ್ರೆಯದು. ಅಪ್ಪನಿಗೆ ಒಂದಕ್ಷರ ತಿಳಿಯದು. "ನಕ್ಕೋತ ಕೆಟ್ಟ ಸುದ್ದಿ ಹೇಳಾಕತ್ತಾಳ" ಅಂದರು.

ಆಮೇಲೆ ಫ್ರಾನ್ಸಿನ ಹೆಸರಾಂತ ಗಾಯಕಿ ಎಡಿತ್ ಪಿಯಾಫ್ 1940ರಲ್ಲಿ ಹಾಡಿದ ಹಾಡು. ಬೀದಿಯಲ್ಲಿ ದುಡಿಯುವ ಹುಡುಗಿ ಅಕಾರ್ಡಿಯನ್ ನುಡಿಸುವವನನ್ನು ಪ್ರೀತಿಸುತ್ತಾಳೆ. ಅವನು ಯುದ್ಧಕ್ಕೆ ಹೋಗಿ ತಿರುಗಿ ಬರುವುದಿಲ್ಲ. ಬೇರೆ ಯಾರೋ ನುಡಿಸುವುದನ್ನು ಕೇಳಲಾರದೆ ಕೊನೆಗೆ 'ನಿಲ್ಲಿಸಿ ಆ ಸಂಗೀತ' ಅಂತ ಕೂಗುತ್ತಾಳೆ. ಆ ಕೂಗಿಗೆ ಗಾಯಕಿಯ ಕೈ ನಿಂತಿತು. ತಿದಿ ಅರ್ಧ ತೆರೆದೇ ಇತ್ತು. ಮೊಣಕಾಲ ಮೇಲೆ ಆಡುತ್ತಿದ್ದ ಅಪ್ಪನ ಬೆರಳುಗಳೂ ನಿಂತವು.

ಮುಗಿದ ಮೇಲೆ ಅಪ್ಪ ಸೀದಾ ಅವರ ಹತ್ತಿರ ಹೋದರು. "ಯವ್ವಾ, ಎರಡು ರೀಡು ಕೂಡವಲ್ವು. ನಾ ಸರಿ ಮಾಡಿ ಕೊಡ್ಲೇನು?" ರೀಡು ಅಂದರೆ ಒಳಗೆ ಗಾಳಿಗೆ ಅದುರಿ ಸ್ವರ ಹೊರಡಿಸುವ ಲೋಹದ ಪಟ್ಟಿ. ಅಪ್ಪನ ಮಾತನ್ನು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಒಂದು ಸ್ವರದ ಮನೆ ಒತ್ತಿ, ತಿದಿಯನ್ನು ನಿಧಾನಕ್ಕೆ ಎಳೆದರು. ಬೇಕಂತಲೇ ಹಾಗಿಟ್ಟಿದ್ದಂತೆ. ಒಂದೇ ಸ್ವರಕ್ಕೆ ಎರಡು ರೀಡು, ಒಂದರ ಶ್ರುತಿ ಕೂದಲೆಳೆಯಷ್ಟು ಮೇಲೆ. ಎರಡೂ ಒಟ್ಟಿಗೆ ನುಡಿದರೆ ದನಿ ನಡುಗುತ್ತದೆ. ಫ್ರಾನ್ಸಿನಲ್ಲಿ ಅದಕ್ಕೆ ಮ್ಯೂಸೆಟ್ ಅನ್ನುತ್ತಾರೆ. ಹಾಡಿನೊಳಗೆ ಯಾರೋ ಬಿಕ್ಕಿದಂತೆ ನನಗೆ ಕೇಳಿಸಿದ್ದು ಅದೇ. ಅಪ್ಪ ಇಷ್ಟು ವರ್ಷ ರೀಡು ಕೆರೆದು ಕೆರೆದು ತೆಗೆದು ಹಾಕಿದ್ದೂ ಅದನ್ನೇ.

ಇನ್ನೊಮ್ಮೆ ಒತ್ತಲು ಹೇಳಿ, ಕಣ್ಣು ಮುಚ್ಚಿ ಕೇಳಿದರು.

ಮನೆ ಮುಟ್ಟಿದಾಗ ರಾತ್ರಿ ಹತ್ತು. ಮೂಲೆಯಲ್ಲಿ ಭಜನೆಯವರ ಪೇಟಿ ಇತ್ತು. ರೀಡು ಕೂಡುತ್ತಿಲ್ಲ ಅಂತಲೇ ತಂದುಕೊಟ್ಟಿದ್ದರು. ಅಪ್ಪ ಚಾಪೆ ಹಾಸಿ, ಅದರಲ್ಲೇ ಹಳೇ ರಂಗಗೀತೆಯೊಂದನ್ನು ನುಡಿಸಿದರು, ತುಂಬಾ ನಿಧಾನಕ್ಕೆ. ಅವ್ವ ಬಂದು ಬಾಗಿಲಲ್ಲಿ ನಿಂತಳು.

ಭಜನೆಯವರು ನಾಳೆ ಪೇಟಿ ಒಯ್ಯಲು ಬರುತ್ತಾರೆ. ಅಪ್ಪ ಅದನ್ನು ಇನ್ನೂ ಬಿಚ್ಚಿಲ್ಲ.